ಹಾಳೆ ತಟ್ಟೆ ಘಟಕದ ಮೇಲ್‌ಬಾಕ್ಸಿಗೆ ಸ್ಪ್ಯಾಮ್‌ಅಸ್ಯಾಸಿನ್: ಒಂದು ವರ್ಷ ಬಳಸಿದ ಮೇಲೆ

ನಮ್ಮದು ಸಾಗರ ತಾಲ್ಲೂಕಿನಲ್ಲಿ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಆರು ಪ್ರೆಸ್ ಮೆಷಿನ್, ಕೆಲಸಕ್ಕೆ ಬರುವ ಒಂಬತ್ತು ಹೆಂಗಸರು. ಆಫೀಸು ಅಂದರೆ ಮನೆಯ ಜಗಲಿಯ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಲ್ಯಾಪ್‌ಟಾಪು. ತೋಟ, ಹಾಳೆ ಖರೀದಿ, ಮೆಷಿನ್ ರಿಪೇರಿ ಎಲ್ಲ ಮನೆಯವರು ನೋಡಿಕೊಳ್ಳುತ್ತಾರೆ. ಲೆಕ್ಕ, ಪ್ಯಾಕಿಂಗು, ಇಮೇಲು ನನ್ನದು. ಆ ಇಮೇಲಿನಲ್ಲಿ ಬರುವ ಕಸವನ್ನು, ಅಂದರೆ ಸ್ಪ್ಯಾಮನ್ನು, ಬೇರೆ ಮಾಡಲು ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರ್ ಬಳಸಿದ ಅನುಭವ ಇದು. ಹೋದ ಮಳೆಗಾಲದ ಶುರುವಿನಲ್ಲಿ ಒಂದು ಬೆಳಿಗ್ಗೆ ಕೂತು ಎಣಿಸಿದೆ. ರಾತ್ರಿಯಿಂದ ಬಂದಿದ್ದ ಮೇಲು 137. ಅದರಲ್ಲಿ ನಮಗೆ ಸಂಬಂಧಪಟ್ಟದ್ದು 11. ಆ ಹನ್ನೊಂದನ್ನು ಹುಡುಕಿ ತೆಗೆಯುವುದರಲ್ಲಿ ಒಂದು ಗಂಟೆ ಹೋಯಿತು. ಅಷ್ಟು ಹೊತ್ತಿಗೆ ಒಂದು ಮೆಷಿನ್ನಿನಲ್ಲಿ ನೂರಾರು ತಟ್ಟೆ ಇಳಿದಿರುತ್ತವೆ.

ಏನೇನು ಬರುತ್ತಿತ್ತು ಅಂದರೆ, ಸಣ್ಣ ವ್ಯಾಪಾರ ಮಾಡುವವರಿಗೆಲ್ಲ ಗೊತ್ತಿರುವಂಥದ್ದೇ. ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಅನ್ನುವವರು ದಿನಕ್ಕೆ ಹತ್ತಿಪ್ಪತ್ತು ಜನ. ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಹಾಕಿ ಅನ್ನುವವರು ಒಂದಷ್ಟು. ನಿಮ್ಮ ಕಂಪನಿಯ ಹೆಸರನ್ನು ಚೀನಾದಲ್ಲಿ ಬೇರೆಯವರು ಡೊಮೇನ್ (ವೆಬ್ ವಿಳಾಸ) ಮಾಡಿಸಲು ಬಂದಿದ್ದಾರೆ, ಇವತ್ತೇ ಉತ್ತರ ಕೊಡಿ ಎಂದು ಹೆದರಿಸುವವರು. ಯಾವುದೋ ಪ್ರದರ್ಶನಕ್ಕೆ ಬಂದವರ ವಿಳಾಸಪಟ್ಟಿ ಮಾರುವವರು. ಎಲ್ಲಕ್ಕಿಂತ ಕೆಟ್ಟದ್ದು ‘ಪರ್ಚೇಸ್ ಆರ್ಡರ್’ ಎಂಬ ಹೆಸರಿನ ಜಿಪ್ ಫೈಲು. ಆರ್ಡರ್ ಅಂತ ಆಸೆಯಿಂದ ಬಿಚ್ಚಿದರೆ ಲ್ಯಾಪ್‌ಟಾಪು ಹಾಳು, ಅದರ ಜೊತೆ ಬ್ಯಾಂಕಿನ ಪಾಸ್‌ವರ್ಡೂ ಹೋಗಬಹುದು.

‘ಎಲ್ಲ ಅಳಿಸಿಬಿಡುವ ಹಾಗೆ ಮಾಡಿಕೊಳ್ಳಿ’ ಎಂದು ಸಲಹೆ ಕೊಡುವವರಿಗೆ ನಮ್ಮ ಕಷ್ಟ ಗೊತ್ತಿಲ್ಲ. ನಮಗೆ ಅನ್ನ ಕೊಡುವುದು ಗುರುತಿಲ್ಲದವರ ಮೇಲು. ಹೊರದೇಶದ ಗಿರಾಕಿ ಮೊದಲ ಸಲ ಬರೆಯುವುದು ಹೇಗಿರುತ್ತೆ ಗೊತ್ತೇ? ಕಂಪನಿಯ ವಿಳಾಸದಿಂದಲ್ಲ, ಸ್ವಂತ ಜಿಮೇಲ್‌ನಿಂದ. ನಮಸ್ಕಾರವಿಲ್ಲ, ಹೆಸರಿಲ್ಲ, ಹರಕುಮುರುಕು ಇಂಗ್ಲಿಷಿನಲ್ಲಿ ‘ಬೆಲೆಪಟ್ಟಿ ಕಳಿಸಿ, ಅರ್ಜೆಂಟು’ ಅಂತ ಎರಡು ಸಾಲು. ಕಳ್ಳನೂ ಬರೆಯುವುದು ಹಾಗೇ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳು ಅಲ್ಲಿಯ ಆಹಾರ ಸುರಕ್ಷತೆಯ ನಿಯಮಕ್ಕೆ ಒಪ್ಪುವುದಿಲ್ಲ ಎಂದು ಆಮದಿಗೆ ತಡೆ ಹಾಕಿತು. ನಮ್ಮ ಕಡೆಯ ಘಟಕಗಳಿಗೆಲ್ಲ ಅದರ ಏಟು ಬಿತ್ತು. ಆಮೇಲೆ ಯುರೋಪಿನಿಂದ ಬರುವ ಒಂದೊಂದು ಮೇಲೂ ನನಗೆ ಕೈಗೆ ಬಂದ ತುತ್ತು. ಕಸದ ಜೊತೆ ಅಂಥದ್ದೊಂದು ಹೋದರೆ ಹೋಗಿದ್ದು ಗೊತ್ತೂ ಆಗುವುದಿಲ್ಲ.

ನಮ್ಮ ವೆಬ್‌ಸೈಟು, ಮೇಲು ಎರಡೂ ಇರುವುದು ಒಂದು ಹೋಸ್ಟಿಂಗ್ ಕಂಪನಿಯಲ್ಲಿ. ಅವರಿಗೆ ಫೋನ್ ಮಾಡಿದರೆ, ಪ್ರತಿ ಮೇಲ್‌ಬಾಕ್ಸಿಗೂ ತಿಂಗಳಿಗೆ ಇಷ್ಟು ಅಂತ ಬೇರೆ ದುಡ್ಡು ಕೊಟ್ಟು ಫಿಲ್ಟರ್ ತೆಗೆದುಕೊಳ್ಳಿ ಎಂದರು. ನಾವು ಆಗಲೇ ದುಡ್ಡು ಕೊಡುತ್ತಿರುವ ಸಿಪ್ಯಾನೆಲ್ (ವೆಬ್‌ಸೈಟು, ಇಮೇಲು ನಿಭಾಯಿಸುವ ಪುಟ) ಒಳಗೇ ಒಂದು ಫಿಲ್ಟರ್ ಪುಕ್ಕಟೆ ಇದೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ತೋರಿಸಿದವನು ಅಕ್ಕನ ಮಗ. ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಅವನದ್ದು, ಹಬ್ಬಕ್ಕೆ ಊರಿಗೆ ಬಂದಿದ್ದ. ‘ಚಿಕ್ಕಮ್ಮಾ, ಇಲ್ಲಿ ನೋಡಿ, ಸ್ಪ್ಯಾಮ್ ಫಿಲ್ಟರ್ಸ್ ಅಂತ ಇದೆ. ಇದು ಸ್ಪ್ಯಾಮ್‌ಅಸ್ಯಾಸಿನ್. ಇದನ್ನ ಆನ್ ಮಾಡಿ ಒಂದು ತಿಂಗಳು ನೋಡಿ, ಆಮೇಲೆ ದುಡ್ಡು ಕೊಡೋ ಮಾತು’ ಅಂದ.

ಇದು ಹೊಸ ತಂತ್ರಾಂಶವೇನಲ್ಲ. 2001ರಲ್ಲಿ ಜಸ್ಟಿನ್ ಮೇಸನ್ ಎಂಬವರು ಬಿಡುಗಡೆ ಮಾಡಿದ್ದು, ಈಗ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ. ಮುಕ್ತ ತಂತ್ರಾಂಶ, ಆದ್ದರಿಂದ ದುಡ್ಡಿಲ್ಲ. ಕೆಲಸ ಮಾಡುವ ರೀತಿ ಪರೀಕ್ಷೆಯ ಪೇಪರು ತಿದ್ದಿದ ಹಾಗೆ. ಬಂದ ಪ್ರತಿಯೊಂದು ಮೇಲಿಗೂ ನೂರಾರು ಸಣ್ಣ ಸಣ್ಣ ಪರೀಕ್ಷೆ. ಕಳಿಸಿದ ವಿಳಾಸ ಒಂದು, ಉತ್ತರ ಹೋಗುವ ವಿಳಾಸ ಇನ್ನೊಂದಾ? ಒಳಗಿರುವ ಕೊಂಡಿ ಕುಖ್ಯಾತರ ಪಟ್ಟಿಯಲ್ಲಿದೆಯಾ? ವಿಷಯದ ಸಾಲು ಪೂರ್ತಿ ದೊಡ್ಡಕ್ಷರದಲ್ಲಿದೆಯಾ? ಒಂದೊಂದಕ್ಕೂ ಒಂದಿಷ್ಟು ಅಂಕ. ಒಟ್ಟು ಅಂಕ 5 ಮುಟ್ಟಿದರೆ ಸ್ಪ್ಯಾಮ್ ಎಂದು ಮುದ್ರೆ. ಒಳ್ಳೆಯ ಲಕ್ಷಣ ಕಂಡರೆ ಅಂಕ ಕಳೆಯುವುದೂ ಉಂಟು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು, ಮಾಡಿದ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಇಮೇಲಿನ ಹೆಡರ್, ಅಂದರೆ ಪತ್ರದ ತಲೆಯಲ್ಲಿ ಅಡಗಿರುವ ವಿವರದ ಸಾಲುಗಳನ್ನು ತೆರೆದರೆ, ‘ಎಕ್ಸ್-ಸ್ಪ್ಯಾಮ್’ ಎಂದು ಶುರುವಾಗುವ ಸಾಲುಗಳಲ್ಲಿ ಅಂಕ ಎಷ್ಟು, ಯಾವ ಯಾವ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು, ಎಲ್ಲ ಬರೆದಿರುತ್ತೆ. ಒಂದು ಉದಾಹರಣೆ ಹೇಳುತ್ತೇನೆ. ಆನ್ ಮಾಡಿದ ಎರಡನೇ ವಾರ. ನೆದರ್ಲೆಂಡ್ಸ್‌ನಿಂದ ಒಬ್ಬ ಹೆಂಗಸು ಬರೆದಿದ್ದರು. ಮದುವೆ ಊಟಕ್ಕೆ ತಟ್ಟೆ ಒದಗಿಸುವವರು, ಹತ್ತು ಇಂಚಿನ ದುಂಡು ತಟ್ಟೆ ಹತ್ತು ಸಾವಿರ ಬೇಕು ಅಂತ. ಆ ಮೇಲು ಸ್ಪ್ಯಾಮ್ ಬಾಕ್ಸಿಗೆ ಹೋಗಿತ್ತು. ಅಂಕ 5.3. ಹೆಡರ್ ತೆಗೆದು ಒಂದೊಂದೇ ಓದಿದೆ. ‘ಫ್ರೀಮೇಲ್ ಫೋರ್ಜ್ಡ್ ರಿಪ್ಲೈಟು’ ಅಂತ ಒಂದು: ಅವರು ಬರೆದದ್ದು ತಮ್ಮ ಕಂಪನಿಯ ವಿಳಾಸದಿಂದ, ಉತ್ತರ ಕೇಳಿದ್ದು ಜಿಮೇಲ್‌ನಂಥ ಒಂದು ಪುಕ್ಕಟೆ ವಿಳಾಸಕ್ಕೆ. ಇದೊಂದಕ್ಕೇ ಎರಡಕ್ಕಿಂತ ಹೆಚ್ಚು ಅಂಕ. ವಿಷಯದ ಸಾಲು ಪೂರ್ತಿ ದೊಡ್ಡಕ್ಷರ. ಮೈತುಂಬ ಚಿತ್ರ, ಅಕ್ಷರ ಕಡಿಮೆ. ‘ಬೇಯ್ಸ್ 50’ ಅಂತ ಇನ್ನೊಂದು, 0.8 ಅಂಕ. ಅದರ ಅರ್ಥ, ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಹೇಳಲು ಬರುತ್ತಿಲ್ಲ ಎಂದು. ಯಾವುದೂ ಸುಳ್ಳಲ್ಲ, ಪಾಪ, ಅದು ಕಂಡದ್ದನ್ನೇ ಹೇಳಿದೆ. ಆದರೆ ಆ ಆರ್ಡರಿನಿಂದ ನಮ್ಮ ಹೆಂಗಸರಿಗೆ ಆಷಾಢದಲ್ಲೂ ಕೆಲಸ ಸಿಕ್ಕಿತು.

ಅದಕ್ಕೇ ಸಿಪ್ಯಾನೆಲ್‌ನಲ್ಲಿ ಇರುವ ಮೂರು ಗುಂಡಿಗಳಲ್ಲಿ ಮೊದಲೆರಡನ್ನು ಮಾತ್ರ ಒತ್ತಿ ಅಂತ ನನ್ನ ಬಲವಾದ ಮಾತು. ಒಂದು, ಮೇಲಿಗೆ ಮುದ್ರೆ ಹಾಕುವುದು. ಎರಡು, ಮುದ್ರೆ ಬಿದ್ದದ್ದನ್ನು ಸ್ಪ್ಯಾಮ್ ಬಾಕ್ಸ್ ಎಂಬ ಬೇರೆ ಫೋಲ್ಡರಿಗೆ ಸರಿಸುವುದು. ಮೂರನೆಯದು ಆಟೋ-ಡಿಲೀಟ್. ನಾನು ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಹಾಳೆ ಆರಿಸುವಾಗ ತುದಿ ಸೀಳಿದ್ದನ್ನು ನಾವು ಬಿಸಾಡುವುದಿಲ್ಲ, ಪಕ್ಕಕ್ಕೆ ಇಡುತ್ತೇವೆ. ಹತ್ತು ಇಂಚು ಬರದಿದ್ದರೆ ನಾಲ್ಕು ಇಂಚಿನ ಬಟ್ಟಲಾದರೂ ಆಗುತ್ತೆ. ಮೇಲಿಗೂ ಅಷ್ಟು ತಾಳ್ಮೆ ತೋರಿಸಬೇಕು. ಈಗ ಬುಧವಾರ, ಶನಿವಾರ ಸಂಜೆ ಸ್ಪ್ಯಾಮ್ ಬಾಕ್ಸ್ ತೆರೆದು ಹೆಸರು, ವಿಷಯ ಮಾತ್ರ ಕಣ್ಣಾಡಿಸುತ್ತೇನೆ. ಹತ್ತು ನಿಮಿಷ ಸಾಕು. ದಿನಾ ಬೆಳಿಗ್ಗೆಯ ಒಂದು ಗಂಟೆ ಉಳಿಯಿತು.

ಅಂಕದ ಗಡಿಯನ್ನು ನಾವೇ ಬದಲಿಸಬಹುದು. ಮೊದಲ ತಿಂಗಳು ಆತುರಪಟ್ಟು 5ರಿಂದ 3ಕ್ಕೆ ಇಳಿಸಿದ್ದೆ. ಇನ್‌ಬಾಕ್ಸ್ ಚೊಕ್ಕವಾಯಿತು, ನಿಜ. ಆದರೆ ಕೊರಿಯರಿನವರ ಮೇಲು, ಒಬ್ಬ ಹಳೆಯ ಗಿರಾಕಿಯ ದೂರು, ಜಿಲ್ಲಾ ಕೈಗಾರಿಕಾ ಕೇಂದ್ರದ ಒಂದು ಸೂಚನೆ ಎಲ್ಲ ಅತ್ತ ಹೋದವು. ಮತ್ತೆ 5ಕ್ಕೆ ತಂದೆ. ಗಡಿ ಇಳಿಸುವುದು ಉಪಾಯವಲ್ಲ. ನಮ್ಮ ವ್ಯಾಪಾರ ಯಾವುದು ಅಂತ ಅದಕ್ಕೆ ಕಲಿಸುವುದೇ ಉಪಾಯ.

ಕಲಿಸುವ ಭಾಗಕ್ಕೆ ಹದಿನೆಂಟನೇ ಶತಮಾನದ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಹೆಸರಿದೆ. ಸಂಭವನೀಯತೆಯ ಅವರ ಲೆಕ್ಕವೇ ಇದರ ಬುನಾದಿ. ನಾವು ‘ಇದು ಕಸ, ಇದು ಒಳ್ಳೆಯದು’ ಎಂದು ತೋರಿಸುತ್ತ ಹೋದರೆ, ಯಾವ ಪದ ಯಾವ ಕಡೆ ಹೆಚ್ಚು ಬರುತ್ತೆ ಎಂದು ಅದು ಎಣಿಸಿಟ್ಟುಕೊಳ್ಳುತ್ತೆ. ಆದರೆ ಒಂದು ಷರತ್ತು. ಕನಿಷ್ಠ 200 ಕಸದ ಮೇಲು, 200 ಒಳ್ಳೆಯ ಮೇಲು ತೋರಿಸುವ ತನಕ ಈ ಭಾಗ ಬಾಯಿ ಬಿಡುವುದೇ ಇಲ್ಲ. ಕಸಕ್ಕೇನು ಬರ, ಎರಡು ದಿನದಲ್ಲಿ ಇನ್ನೂರಾಯಿತು. ಒಳ್ಳೆಯದು ಇನ್ನೂರು ಸೇರಿಸಲು ಹಳೆಯ ಮೂರು ವರ್ಷದ ವಿಚಾರಣೆಗಳನ್ನೆಲ್ಲ ತೆಗೆದೆ. ಅದಕ್ಕೂ ಮೊದಲು ನಮ್ಮ ಹೋಸ್ಟಿಂಗಿನಲ್ಲಿ ಆಟೋಲರ್ನ್ (ಯಾರೂ ತೋರಿಸದೆ ತಾನೇ ಊಹಿಸಿ ಕಲಿಯುವುದು) ಮಾತ್ರ ಓಡಿ ಆ ಇನ್ನೂರರ ಲೆಕ್ಕ ತುಂಬಿತ್ತು, ಆದರೆ ನಮ್ಮ ವ್ಯಾಪಾರ ಅದಕ್ಕೆ ತಿಳಿದಿರಲಿಲ್ಲ. ಅದಕ್ಕೇ ಆ ನೆದರ್ಲೆಂಡ್ಸ್ ಮೇಲಿಗೆ ‘ಗೊತ್ತಾಗುತ್ತಿಲ್ಲ’ ಅಂದದ್ದು.

ಇಲ್ಲಿ ಎರಡು ವಿಷಯ ನೆನಪಿಡಿ. ಕಲಿಸಲು ಮೇಲನ್ನು ಫಾರ್ವರ್ಡ್ ಮಾಡಬಾರದು. ಫಾರ್ವರ್ಡ್ ಮಾಡಿದರೆ ಮೂಲದ ಹೆಡರ್ ಹೋಗಿ, ಅದು ಕಲಿಯುವುದು ನಮ್ಮ ವಿಳಾಸವನ್ನೇ. ಫೋಲ್ಡರಿನಿಂದ ಫೋಲ್ಡರಿಗೆ ಸರಿಸಬೇಕು. ಇನ್ನೊಂದು, ನಾನು ಮೊದಲು ‘ಕಸ’, ‘ಒಳ್ಳೇದು’ ಎಂದು ಕನ್ನಡದಲ್ಲೇ ಫೋಲ್ಡರ್ ಮಾಡಿದ್ದೆ. ನೋಡಲು ಚೆನ್ನಾಗಿತ್ತು. ಸರ್ವರಿನಲ್ಲಿ ಮಾತ್ರ ಆ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕೂರುತ್ತೆ, ಕಮಾಂಡ್ ಬರೆಯುವಾಗ ತಪ್ಪುತ್ತೆ. ಅಕ್ಕನ ಮಗ ಇಂಗ್ಲಿಷ್ ಅಕ್ಷರದಲ್ಲೇ ‘ಕಸ’ ಎಂದು ಬರೆಸಿದ. ‘ಎಸ್‌ಎ-ಲರ್ನ್’ ಎಂಬ ಕಲಿಸುವ ಕಮಾಂಡನ್ನು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಹಾಕಿಕೊಟ್ಟ. ದಿನಾ ರಾತ್ರಿ ಎರಡು ಗಂಟೆಗೆ ಆ ಎರಡು ಫೋಲ್ಡರನ್ನೂ ಅದೇ ಓದಿಕೊಳ್ಳುತ್ತೆ. ಈ ಒಂದು ಹೆಜ್ಜೆಗೆ ತಿಳಿದವರ ಸಹಾಯ ಬೇಕು. ಸಿಪ್ಯಾನೆಲ್‌ನ ಗುಂಡಿಗಳಲ್ಲಿ ಇದು ಇಲ್ಲ, ಎಲ್ಲ ಹೋಸ್ಟಿಂಗಿನವರು ಬಿಡುವುದೂ ಇಲ್ಲ. ಇದನ್ನು ನಾನು ಕೊರತೆ ಎಂದೇ ಎಣಿಸುತ್ತೇನೆ. ಅತಿ ಮುಖ್ಯವಾದ ಕೆಲಸವೇ ಸಾಮಾನ್ಯರ ಕೈಗೆ ಸಿಗದ ಹಾಗೆ ಇದೆ.

ಕಲಿತ ಮೇಲೆ ಅದರ ವರಸೆಯೇ ಬದಲಾಯಿತು. ಅರೆಕಾ, ಲೀಫ್, ಹತ್ತು ಇಂಚು, ಕಂಟೇನರ್, ಕಾರ್ಟನ್, ಫ್ಯೂಮಿಗೇಶನ್ ಎಂಬ ಪದ ಇರುವ ಮೇಲಿಗೆ ‘ಬೇಯ್ಸ್ 00’ ಬಿದ್ದು 1.9 ಅಂಕ ಕಳೆಯುತ್ತೆ. ವೆಬ್‌ಸೈಟ್ ಮಾಡಿಕೊಡುವವರಿಗೆ ‘ಬೇಯ್ಸ್ 99’ ಬಿದ್ದು 3.5 ಕೂಡುತ್ತೆ. ನಮ್ಮ ದಂಧೆಯ ಭಾಷೆ ಅದಕ್ಕೆ ಬಂದಿದೆ. ಎಲ್ಲರಿಗೂ ಒಂದೇ ಅಳತೆಯ ಫಿಲ್ಟರಿಗೂ ಇದಕ್ಕೂ ನನಗೆ ಕಾಣುವ ವ್ಯತ್ಯಾಸ ಇದು.

ಈಗ ನಾನು ಮಾಡಿದ ಒಂದು ದೊಡ್ಡ ತಪ್ಪು ಹೇಳಬೇಕು, ನೀವೂ ಮಾಡಬಾರದು ಅಂತ. ವೈಟ್‌ಲಿಸ್ಟ್ ಎಂಬ ಜಾಗದಲ್ಲಿ ನಂಬಿಕೆಯ ವಿಳಾಸ ಬರೆದರೆ ಅಂಥ ಮೇಲಿಗೆ 100 ಅಂಕ ಕಳೆಯುತ್ತೆ, ಅಂದರೆ ಏನೇ ಆದರೂ ಒಳಗೆ ಬರುತ್ತೆ. ನಾನು ನಮ್ಮ ಡೊಮೇನನ್ನೇ ಪೂರ್ತಿ ಅದರಲ್ಲಿ ಬರೆದೆ. ಮನೆಯವರದ್ದು, ಲೆಕ್ಕದ ಹುಡುಗಿಯದ್ದು, ನನ್ನದು ಯಾವುದೂ ತಪ್ಪಿಹೋಗದಿರಲಿ ಅಂತ. ಮೂರೇ ದಿನಕ್ಕೆ ನನ್ನ ವಿಳಾಸದಿಂದ ನನಗೇ ಮೇಲು ಬರತೊಡಗಿತು. ‘ನಿನ್ನ ಕಂಪ್ಯೂಟರಿಗೆ ನುಗ್ಗಿದ್ದೇನೆ, ಕ್ಯಾಮೆರಾದಲ್ಲಿ ನಿನ್ನನ್ನು ನೋಡಿದ್ದೇನೆ, ಬಿಟ್‌ಕಾಯಿನ್ ಕಳಿಸು’ ಅಂತ. ಕಳಿಸಿದವರ ಹೆಸರಿನಲ್ಲಿ ನನ್ನದೇ ಹೆಸರು. ಓದಿ ಕೈಕಾಲು ತಣ್ಣಗಾಯಿತು. ಆ ರಾತ್ರಿ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಬ್ಯಾಂಡೇಜ್ ಅಂಟಿಸಿ ಮಲಗಿದೆ. ಬೆಳಿಗ್ಗೆ ಫೋನಿನಲ್ಲಿ ಕೇಳಿದಾಗ ಗೊತ್ತಾಯಿತು, ಯಾರೂ ನುಗ್ಗಿಲ್ಲ. ಲಕೋಟೆಯ ಹಿಂದೆ ಯಾರ ಹೆಸರನ್ನು ಬೇಕಾದರೂ ಬರೆಯುವ ಹಾಗೆ, ಮೇಲಿನಲ್ಲೂ ‘ಇಂಥವರಿಂದ’ ಎಂದು ಸುಳ್ಳು ಬರೆಯಬಹುದು. ವೈಟ್‌ಲಿಸ್ಟ್ ನೋಡುವುದು ಆ ಬರಹವನ್ನು ಮಾತ್ರ. ನಾನೇ ಬಾಗಿಲು ತೆಗೆದಿಟ್ಟಿದ್ದೆ.

ಆ ಸಾಲನ್ನು ಕೂಡಲೇ ತೆಗೆದೆ. ಗಿರಾಕಿಗಳ ವಿಳಾಸಕ್ಕೆ ‘ವೈಟ್‌ಲಿಸ್ಟ್ ಆಥ್’ ಎಂಬ ಇನ್ನೊಂದು ರೀತಿ ಇದೆ. ಮೇಲು ನಿಜವಾಗಿ ಆ ಡೊಮೇನಿನಿಂದಲೇ ಬಂದದ್ದಾ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆ ಅಥವಾ ಡಿಕೆಐಎಂ ಸಹಿ ತಾಳೆಯಾದರೆ ಮಾತ್ರ ಅದು ನಂಬುತ್ತೆ. ಅದನ್ನು ಸೆಟ್ಟಿಂಗಿನ ಫೈಲಿನಲ್ಲಿ ಕೈಯಾರೆ ಬರೆಯಬೇಕು. 2022ರ ಡಿಸೆಂಬರಿನಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ವೈಟ್‌ಲಿಸ್ಟಿಗೆ ವೆಲ್‌ಕಮ್‌ಲಿಸ್ಟ್, ಬ್ಲ್ಯಾಕ್‌ಲಿಸ್ಟಿಗೆ ಬ್ಲಾಕ್‌ಲಿಸ್ಟ್ ಎಂದು ಹೆಸರು ಬದಲಿಸಿದ್ದಾರೆ. ನಿಮ್ಮಲ್ಲಿ ಯಾವ ಹೆಸರು ಕಂಡರೂ ಗಾಬರಿ ಬೇಡ.

ಹೆಡರ್ ಓದುವ ಅಭ್ಯಾಸದಿಂದ ಇನ್ನೊಂದು ಸಿಕ್ಕಿತು. ಪ್ರತಿ ಮೇಲಿನಲ್ಲೂ ‘ಯುಆರ್‌ಐಬಿಎಲ್ ಬ್ಲಾಕ್ಡ್’ ಎಂಬ ಪದ. ಕೆಟ್ಟ ಕೊಂಡಿಗಳ ಪಟ್ಟಿ ಇಟ್ಟಿರುವವರನ್ನು ನಮ್ಮ ಸರ್ವರ್ ವಿಚಾರಿಸಿದಾಗ ಅವರು ಉತ್ತರ ಕೊಡದೆ ವಾಪಸ್ ಕಳಿಸುತ್ತಿದ್ದರು. ಸಾವಿರಾರು ಜನ ಒಂದೇ ಡಿಎನ್‌ಎಸ್ (ಇಂಟರ್‌ನೆಟ್ಟಿನ ವಿಳಾಸ ಹುಡುಕಿಕೊಡುವ) ಸರ್ವರಿನಿಂದ ಕೇಳಿದರೆ ಅವರು ಹಾಗೆ ಮಾಡುತ್ತಾರೆ. ಅಂದರೆ ಫಿಲ್ಟರಿನ ಒಂದು ಕಣ್ಣೇ ಮುಚ್ಚಿತ್ತು. ಹೋಸ್ಟಿಂಗಿನವರಿಗೆ ಎರಡು ಸಲ ಬರೆದು, ಹೆಡರನ್ನೇ ಅಂಟಿಸಿ ಕಳಿಸಿದ ಮೇಲೆ ಸರಿಮಾಡಿದರು. ಆ ವಾರದಿಂದ ಇನ್‌ಬಾಕ್ಸಿಗೆ ತಪ್ಪಿಸಿಕೊಂಡು ಬರುವ ಕಸ ಎದ್ದು ಕಾಣುವಷ್ಟು ಕಡಿಮೆಯಾಯಿತು.

ಎಲ್ಲ ಕೀರ್ತಿಯನ್ನೂ ಸ್ಪ್ಯಾಮ್‌ಅಸ್ಯಾಸಿನ್‌ಗೇ ಕೊಟ್ಟರೆ ತಪ್ಪಾಗುತ್ತೆ. ಬರುವ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ನಿಂತದ್ದು ಒಂದೇ ಒಂದು ಬದಲಾವಣೆಯಿಂದ. ಸಿಪ್ಯಾನೆಲ್‌ನಲ್ಲಿ ಡೀಫಾಲ್ಟ್ ಅಡ್ರೆಸ್ ಅಂತ ಇದೆ. ನಮ್ಮ ಡೊಮೇನಿನ ಮುಂದೆ ಯಾವ ಹೆಸರು ಹಾಕಿ ಬರೆದರೂ, ಅಂಥ ಮೇಲ್‌ಬಾಕ್ಸ್ ಇಲ್ಲದಿದ್ದರೂ, ಎಲ್ಲ ನನ್ನ ಬಾಕ್ಸಿಗೇ ಬಂದು ಬೀಳುತ್ತಿತ್ತು. ಇಲ್ಲದ ವಿಳಾಸಕ್ಕೆ ಬಂದದ್ದನ್ನು ಬಾಗಿಲಲ್ಲೇ ತಿರುಗಿಸು ಅಂತ ಬದಲಿಸಿದೆ. ವೆಬ್‌ಸೈಟಿನ ವಿಚಾರಣೆ ಫಾರ್ಮಿನಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಸಿದೆವು. ಯಂತ್ರ ಅದನ್ನೂ ತುಂಬುತ್ತೆ, ತುಂಬಿದ್ದು ಬಂದರೆ ತಿರಸ್ಕಾರ. ಪುಟದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದ ಮೇಲ್ ವಿಳಾಸ ತೆಗೆದೆವು. ಜಿಎಸ್‌ಟಿಗೆ, ಬ್ಯಾಂಕಿಗೆ ಬೇರೆ ವಿಳಾಸ ಮಾಡಿದೆವು, ಅದನ್ನು ಯಾವ ಕಾರ್ಡಿನಲ್ಲೂ ಅಚ್ಚು ಮಾಡಿಸುವುದಿಲ್ಲ.

ಇದರ ಕೈಲಿ ಆಗದ ಕೆಲಸವೂ ಇದೆ. ಚಳಿಗಾಲದಲ್ಲಿ ನಮಗೆ ಕಾರ್ಟನ್ ಡಬ್ಬ ಕೊಡುವವರ ಹೆಸರಿನಲ್ಲಿ ಮೇಲು ಬಂತು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಇದಕ್ಕೆ ಹಾಕಿ.’ ಕೊಂಡಿಯಿಲ್ಲ, ಫೈಲಿಲ್ಲ, ದೊಡ್ಡಕ್ಷರವಿಲ್ಲ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆ. ಅಂಕ 0.4. ನೇರ ಇನ್‌ಬಾಕ್ಸಿನಲ್ಲಿ ಕೂತಿತ್ತು. ಮೊತ್ತ ಎಂಬತ್ತು ಸಾವಿರ ಇದ್ದದ್ದಕ್ಕೆ ನಾನು ಫೋನ್ ಮಾಡಿದೆ. ಆ ಕಡೆಯವರು ‘ಅಯ್ಯೋ ಇಲ್ಲ ಅಕ್ಕಾ, ನಾವೇನೂ ಬದಲಿಸಿಲ್ಲ’ ಅಂದರು. ಒಬ್ಬರನ್ನೇ ಗುರಿಯಿಟ್ಟು, ನೀಟಾಗಿ ಬರೆದ ಮೋಸವನ್ನು ಅಂಕಗಣಿತ ಹಿಡಿಯುವುದಿಲ್ಲ. ಖಾತೆ ನಂಬರು ಬದಲಾಯಿತು ಅಂತ ಯಾರೇ ಬರೆದರೂ ನಮ್ಮಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿಯೇ ದುಡ್ಡು ಹಾಕುವುದು ಅಂತ ಈಗ ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ. ಅದರ ಕೆಳಗೇ ಸೈಬರ್ ವಂಚನೆಯ ಸಹಾಯವಾಣಿ 1930. ದುಡ್ಡು ಹೋದರೆ ತಡಮಾಡದೆ ಅದಕ್ಕೆ ಫೋನ್ ಮಾಡಬೇಕು.

ನಾನು ಎಣಿಸದೇ ಇದ್ದ ಒಂದು ಲಾಭವೂ ಆಯಿತು. ನಾವು ಕಳಿಸುವ ಕೊಟೇಶನ್ ಗಿರಾಕಿಯ ಸ್ಪ್ಯಾಮಿಗೆ ಹೋಗುತ್ತಿದೆಯಾ ಎಂಬ ಅನುಮಾನ ಇತ್ತು. ಒಂದು ದಿನ ನಮ್ಮ ಕೊಟೇಶನ್ನನ್ನು ನನ್ನ ಜಿಮೇಲಿನಿಂದ ಆಫೀಸಿನ ವಿಳಾಸಕ್ಕೆ ಕಳಿಸಿ ಅಂಕ ನೋಡಿದೆ. 4.1! ವಿಷಯದ ಸಾಲು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೆ, ಪತ್ರವನ್ನೇ ಚಿತ್ರ ಮಾಡಿ ಅಂಟಿಸುತ್ತಿದ್ದೆ. ಈಗ ಸಾದಾ ಅಕ್ಷರದಲ್ಲಿ ಐದಾರು ಸಾಲು, ಬೆಲೆಪಟ್ಟಿ ಪಿಡಿಎಫ್‌ನಲ್ಲಿ. ಸಿಪ್ಯಾನೆಲ್‌ನ ಇಮೇಲ್ ಡೆಲಿವರಬಿಲಿಟಿ ಪುಟದಲ್ಲಿ ಎಸ್‌ಪಿಎಫ್, ಡಿಕೆಐಎಂ ಎರಡೂ ಹಸಿರಾಗುವಂತೆ ಮಾಡಿದೆವು. ಉತ್ತರ ಬರೆಯುವವರು ಹೆಚ್ಚಾಗಿದ್ದಾರೆ.

ಯಾರಿಗೆ ಹೇಳಲಿ ಇದನ್ನು? ಸಿಪ್ಯಾನೆಲ್ ಹೋಸ್ಟಿಂಗ್ ಆಗಲೇ ಇದ್ದು, ಮೂರು ನಾಲ್ಕು ಮೇಲ್‌ಬಾಕ್ಸ್ ಇರುವವರು, ವಾರಕ್ಕೆ ಅರ್ಧ ಗಂಟೆ ಕೊಡಬಲ್ಲವರು, ಕ್ರಾನ್ ಹಾಕಿಕೊಡುವ ಒಬ್ಬ ಹುಡುಗ ಪರಿಚಯದಲ್ಲಿರುವವರು ಧೈರ್ಯವಾಗಿ ಬಳಸಿ. ಹೆಡರ್ ಗಿಡರ್ ಓದಲು ಪುರುಸೊತ್ತಿಲ್ಲ ಅನ್ನುವವರು ದೊಡ್ಡ ಕಂಪನಿಗಳ ದುಡ್ಡಿನ ಮೇಲ್ ಸೇವೆಗೇ ಹೋಗುವುದು ಒಳ್ಳೆಯದು. ಅಲ್ಲಿ ಕಲಿಸುವ ಕೆಲಸ ಕಡಿಮೆ. ಐದರಲ್ಲಿ ನಾನು ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಕಲಿಸುವ ಗುಂಡಿ ಇಲ್ಲದ್ದಕ್ಕೆ.

ನಿನ್ನೆ ಶನಿವಾರ ಸ್ಪ್ಯಾಮ್ ಬಾಕ್ಸಿನಲ್ಲಿ 212 ಇತ್ತು. ಒಂದು ಫ್ರೆಂಚ್ ಭಾಷೆಯದ್ದು, ಅಂಕ 5.1. ತರ್ಜುಮೆಗೆ ಹಾಕಿ ನೋಡಿದರೆ ಲಿಯಾನ್ ಊರಿನ ಒಂದು ಅಂಗಡಿಯವರು ಆರು ಇಂಚಿನ ಚೌಕ ತಟ್ಟೆಯ ಮಾದರಿ ಕೇಳಿದ್ದಾರೆ. ಅದನ್ನು ‘ಒಳ್ಳೇದು’ ಫೋಲ್ಡರಿಗೆ ಸರಿಸಿದೆ. ಸೋಮವಾರ ಡೈ ಬದಲಿಸಿ ಹನ್ನೆರಡು ತಟ್ಟೆ ಒತ್ತಿ, ಬಿಸಿಲಿಗೆ ಒಣಗಿಸಿ ಕಳಿಸಬೇಕು.